ವೇಲ್ಸ್‌ನ ಬೆಟ್ಟಗಳು: ಯಾವ ನೆಲದ ಹೆಸರು, ಯಾವ ನೆಲದ ಎತ್ತರ

ದಕ್ಷಿಣ ವೇಲ್ಸ್‌ನ ಬನ್ನೈ ಬ್ರಖೈನಿಯೋಗ್ ಸಾಲಿನಲ್ಲಿ 719 ಮೀಟರ್ ಎತ್ತರದ ವಾನ್ ಅ ಬೀಗ್ ಎಂಬ ಬೆಟ್ಟವಿದೆ. ಭೂಪಟದಲ್ಲಿ ಅದರ ಹೆಸರಿನ ಕೊನೆಯ ಪದ ನೋಡಿದ ಇಂಗ್ಲಿಷ್ ಓದುಗರು ‘ಬಿಗ್’, ಅಂದರೆ ದೊಡ್ಡದು ಎಂದುಕೊಂಡು ಮುಂದೆ ಹೋಗುತ್ತಾರೆ. ಆ ಪದ ಅಪ್ಪಟ ವೆಲ್ಶ್, ಆ ನಾಡಿನ ನುಡಿ. ಮೂಲ ರೂಪ ‘ಪೀಗ್’, ಅರ್ಥ ಕೊಕ್ಕು ಅಥವಾ ಚೂಪು ತುದಿ. ವಾನ್ ಅ ಬೀಗ್ ಎಂದರೆ ಕೊಕ್ಕಿನ ಶಿಖರ. ತುದಿಯಲ್ಲಿ ಕಣಿವೆಯ ಮೇಲೆ ಚಾಚಿಕೊಂಡಿರುವ ಚಪ್ಪಡಿಬಂಡೆಯನ್ನು ಒಮ್ಮೆ ಕಂಡವರು ಈ ಅರ್ಥವನ್ನು ಮರೆಯುವುದಿಲ್ಲ.

ಇದೇ ಬೆಟ್ಟ 2018ರಲ್ಲಿ ಒಂದು ಪಟ್ಟಿಯಿಂದ ಹೊರಬಿತ್ತು. ಹ್ಯೂಯಿಟ್ ಎಂಬ ಆ ಪಟ್ಟಿಗೆ ಸೇರಲು ಬೆಟ್ಟ 2000 ಅಡಿ ಮುಟ್ಟಬೇಕು, ಜೊತೆಗೆ ಪಕ್ಕದ ಎತ್ತರದ ಬೆಟ್ಟದೊಂದಿಗೆ ಕೂಡುವ ತಗ್ಗಿನಿಂದ ಕನಿಷ್ಠ 30 ಮೀಟರ್ ಮೇಲೆದ್ದಿರಬೇಕು. ಸರಿಯಾಗಿ ಅಳೆದಾಗ ಆ ಏರು 30ಕ್ಕೆ ಒಂದೆರಡು ಮೀಟರ್ ಕಡಿಮೆ ಬಂತು. ತುದಿಯ ಎತ್ತರದ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ. ತೀರ್ಮಾನವಾದದ್ದು ಕೆಳಗಿನ ತಗ್ಗಿನಲ್ಲಿ.

ಹೆಸರು ಹುಡುಕುವವರೂ ಎತ್ತರ ಅಳೆಯುವವರೂ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಯಾವ ನೆಲ? ಈ ಹೆಸರು ಯಾವ ತುಂಡು ನೆಲದ್ದು, ಈ ಅಂಕಿ ಯಾವ ಕಲ್ಲಿನದು? ಇದಕ್ಕೆ ಉತ್ತರ ಸಿಗದೆ ಬರೆದ ಹೆಸರಾಗಲಿ ಅಂಕಿಯಾಗಲಿ ಭೂಪಟದಲ್ಲಿ ತಪ್ಪಾಗಿ ನೂರು ವರ್ಷ ಉಳಿದುಬಿಡುತ್ತದೆ.

ಮೊದಲು ಹೆಸರು. ವೆಲ್ಶ್ ಹೊಸಬರು ಎಡವುವುದು ಪದದ ಮೊದಲಕ್ಷರದಲ್ಲಿ, ಯಾಕೆಂದರೆ ಅದು ಬದಲಾಗುತ್ತಿರುತ್ತದೆ. ಕ, ತ, ಪ ಹೋಗಿ ಗ, ದ, ಬ ಬರುತ್ತವೆ. ಬ ಮತ್ತು ಮ ಎರಡೂ ವ ಆಗುತ್ತವೆ. ಗ ಬಿದ್ದೇ ಹೋಗುತ್ತದೆ. ಆದೇಶ ಸಂಧಿ ಓದಿದ ಕನ್ನಡಿಗರಿಗೆ ಇದು ಅರ್ಧ ಬಂದಿರುವ ಪಾಠವೇ: ಮಳೆಗಾಲ, ಬೆಟ್ಟದಾವರೆ, ಕಂಬನಿ, ನೆಲೆವನೆ. ನಮ್ಮಲ್ಲಿ ಎರಡು ಪದ ಕೂಡಿದಾಗ ಆಗುವ ಬದಲಾವಣೆ ಅಲ್ಲಿ ವ್ಯಾಕರಣದ ಕಾರಣಕ್ಕೆ ಆಗುತ್ತದೆ. ಸ್ತ್ರೀಲಿಂಗದ ನಾಮಪದದ ಹಿಂದೆ ‘ಅ’ ಎಂಬ ನಿರ್ದೇಶಕ ಪದ ಬಂದರೆ ಅದರ ಮೊದಲಕ್ಷರ ಮೆತ್ತಗಾಗುತ್ತದೆ. ಅದರ ಮುಂದೆ ಬರುವ ಗುಣವಾಚಕದ ಮೊದಲಕ್ಷರವೂ ಹಾಗೆಯೇ. ‘ಬಾನ್’ ಎಂದರೆ ಶಿಖರ. ‘ಪೆನ್ ಅ ವಾನ್’ನಲ್ಲಿ ಅದು ವಾನ್. ಬಹುವಚನ ಬನ್ನೈ. ಅಂದರೆ ಸಾಲಿನ ಹೆಸರೂ ಅದರ ಅತಿ ಎತ್ತರದ, 886 ಮೀಟರಿನ ಶಿಖರದ ಹೆಸರೂ ಒಂದೇ ಪದ. ಆ ಸಾಲನ್ನು ಒಳಗೊಂಡ ರಾಷ್ಟ್ರೀಯ ಉದ್ಯಾನ 2023ರ ಏಪ್ರಿಲ್‌ನಲ್ಲಿ ಬ್ರೆಕನ್ ಬೀಕನ್ಸ್ ಎಂಬ ಇಂಗ್ಲಿಷ್ ಹೆಸರು ಬಿಟ್ಟು ವೆಲ್ಶ್ ಹೆಸರನ್ನೇ ಬಳಸಲು ತೀರ್ಮಾನಿಸಿತು. ಅದಕ್ಕೆ ಮೊದಲು, 2022ರ ನವೆಂಬರ್‌ನಲ್ಲಿ, ಉತ್ತರದಲ್ಲಿ ವೇಲ್ಸ್‌ನ ಅತಿ ಎತ್ತರದ ಬೆಟ್ಟಕ್ಕೆ ಸ್ನೋಡನ್ ಬದಲು ‘ಅರ್ ವಿದ್ವ’ ಎಂದೇ ಬರೆಯುವ ನಿರ್ಧಾರವಾಗಿತ್ತು. ಅದರ ಮೂಲ ಪದ ‘ಗ್ವಿದ್ವ’, ಸಮಾಧಿಯ ದಿಬ್ಬ. ಮೊದಲ ಗಕಾರ ಬಿದ್ದಿದೆ. ರೀತ ಎಂಬ ದೈತ್ಯನನ್ನು ಅಲ್ಲಿ ಹೂಳಲಾಯಿತು ಎಂದು ಐತಿಹ್ಯ.

ಆದ್ದರಿಂದ ನಿಘಂಟು ತೆರೆಯುವ ಮುನ್ನ ಮೂಲ ಅಕ್ಷರವನ್ನು ಊಹಿಸಬೇಕು. ವಕಾರದಿಂದ ಶುರುವಾಗುವ ಪದ ಸಿಕ್ಕರೆ ಬ, ಮ ಎರಡರ ಕೆಳಗೂ ನೋಡಿ. ‘ವೊಯ್ಲ್’ ಎಂಬುದು ‘ಮೊಯ್ಲ್’, ಬೋಳುಗುಡ್ಡ. ಗಕಾರವಿದ್ದರೆ ಕಕಾರದಡಿಯೂ ನೋಡಿ. ಸ್ವರದಿಂದ ಶುರುವಾದರೆ ಮುಂದೊಂದು ಗ ಇಟ್ಟು ಪರೀಕ್ಷಿಸಿ. ಉತ್ತರದ ನಂಟ್ಲೆ ಬೆಟ್ಟಸಾಲಿನ ‘ಮನಿದ್ ಗ್ರೈಗ್ ಗೋಖ್’ ಒಳ್ಳೆಯ ಅಭ್ಯಾಸ: ಮನಿದ್ ಎಂದರೆ ಪರ್ವತ, ಕ್ರೈಗ್ ಬಂಡೆ, ಕೋಖ್ ಕೆಂಪು. ಬಂಡೆ ಸ್ತ್ರೀಲಿಂಗ, ಹಾಗಾಗಿ ಕೋಖ್ ಗೋಖ್ ಆಯಿತು. ಮಧ್ಯದಲ್ಲಿದ್ದ ‘ಅ’ ಮಾತಿನಲ್ಲಿ ಸವೆದುಹೋಗಿದೆ, ಅದರಿಂದಾದ ಗಕಾರ ಮಾತ್ರ ಉಳಿದಿದೆ. ಕೆಂಪು ಬಂಡೆಯ ಪರ್ವತ. ಇಲ್ಲಿಯೇ ‘ಯಾವ ನೆಲ’ ಎಂಬ ಪ್ರಶ್ನೆ ಎದುರಾಗುತ್ತದೆ: ಹೆಸರು ಮೊದಲು ಬಂದದ್ದು ಬಂಡೆಗೆ, ಅಲ್ಲಿಂದ ಬೆಟ್ಟಕ್ಕೆ.

ಹಳೆಯ ಕಾಗದಗಳಲ್ಲಿ ಅತಿ ಹೆಚ್ಚು ಫಲ ಕೊಡುವುದು ಟೈದ್ ನಕ್ಷೆಗಳು. ಚರ್ಚಿಗೆ ಬೆಳೆಯ ಹತ್ತನೇ ಒಂದು ಪಾಲು ಕೊಡುವ ಟೈದ್ ಪದ್ಧತಿಯನ್ನು ಹಣದ ಪಾವತಿಗೆ ಬದಲಿಸಲು 1836ರಲ್ಲಿ ಕಾನೂನು ಬಂತು. ಅದಕ್ಕಾಗಿ ಪ್ಯಾರಿಶ್ ಪ್ಯಾರಿಶ್‌ನ (ಒಂದು ಚರ್ಚಿಗೆ ಸೇರಿದ ಪ್ರದೇಶದ) ಹೊಲಗಳನ್ನು ಅಳೆದು ನಕ್ಷೆ ಬರೆದರು. ವೇಲ್ಸ್‌ನ ನಕ್ಷೆಗಳು ಅಬೆರಿಸ್ಟ್‌ವಿತ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ, ಆನ್‌ಲೈನಿನಲ್ಲೂ ಉಚಿತವಾಗಿ ನೋಡಬಹುದು. ನಕ್ಷೆಯಲ್ಲಿ ಬರೀ ಸಂಖ್ಯೆಗಳಿರುತ್ತವೆ. ಜೊತೆಗಿರುವ ವಹಿಯಲ್ಲಿ ಮಾಲೀಕ, ಗೇಣಿದಾರ, ಸಂಖ್ಯೆ, ಹೊಲದ ಹೆಸರು, ಬೆಳೆ ಅಥವಾ ಹುಲ್ಲು, ವಿಸ್ತೀರ್ಣ. ವಿಸ್ತೀರ್ಣ ಎಕರೆ, ರೂಡ್, ಪರ್ಚ್‌ಗಳಲ್ಲಿ: 40 ಪರ್ಚ್‌ಗೆ 1 ರೂಡ್, 4 ರೂಡ್‌ಗೆ 1 ಎಕರೆ. ನಿಮ್ಮ ಗುಡ್ಡ ಯಾವ ಸಂಖ್ಯೆಯೊಳಗೆ ಬೀಳುತ್ತದೆ ಎಂದು ಗುರುತಿಸಿ, ವಹಿಯಲ್ಲಿ ಹೆಸರು ಓದಿ, ನಂತರ ಅದೇ ಜಾಗವನ್ನು ಸರ್ವೆ ಇಲಾಖೆಯಾದ ಆರ್ಡ್‌ನೆನ್ಸ್ ಸರ್ವೆಯ ಮೈಲಿಗೆ ಆರಿಂಚಿನ ಹಳೆಯ ನಕ್ಷೆಯಲ್ಲಿ ಹೋಲಿಸಿ.

ಎರಡು ಎಚ್ಚರಿಕೆ. ವೆಲ್ಶ್ ಬಾರದ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ. ವೆಲ್ಶ್ ಬರವಣಿಗೆಯಲ್ಲಿ ‘ಎಫ್’ ಅಕ್ಷರದ ಉಚ್ಚಾರ ವ, ಅವರು ಇಂಗ್ಲಿಷಿನ ‘ವಿ’ ಹಾಕಿರುತ್ತಾರೆ; ಎರಡೂ ಕಾಗುಣಿತದಲ್ಲಿ ಹುಡುಕಿ. ಇನ್ನೊಂದು, ಮೇಲಿನ ಬೇಲಿಯಿಲ್ಲದ ಗುಡ್ಡಗಾಡು ಹಲವು ಕಡೆ ಒಂದೇ ದೊಡ್ಡ ಸಂಖ್ಯೆಯಾಗಿ ನಿಂತಿರುತ್ತದೆ, ಹೆಸರೇ ಇರುವುದಿಲ್ಲ. ಆಗ ಅದಕ್ಕೆ ತಾಗಿದ ‘ಫ್ರೀದ್’, ಅಂದರೆ ಹೊಲಕ್ಕೂ ಬೆಟ್ಟಕ್ಕೂ ನಡುವಿನ ಬೇಲಿ ಹಾಕಿದ ಮೇವುಗಾವಲು, ಏನೆಂದು ಕರೆಸಿಕೊಂಡಿದೆ ನೋಡಿ. ಗುಡ್ಡದ ಹೆಸರು ಎಷ್ಟೋ ಸಲ ಅದಕ್ಕೆ ಅಂಟಿಕೊಂಡಿರುತ್ತದೆ.

ಈ ಕೆಲಸದಲ್ಲಿ ನಿಜಕ್ಕೂ ನೋವು ಕೊಡುವ ಒಂದು ನಷ್ಟವಿದೆ. ಆರ್ಡ್‌ನೆನ್ಸ್ ಸರ್ವೆಯವರು ಪ್ರತಿ ಹೆಸರಿಗೂ ಯಾರು ಹೇಳಿದರು, ಹೇಗೆ ಬರೆದರು ಎಂದು ದಾಖಲಿಸಿದ ಹೆಸರು ಪುಸ್ತಕಗಳಿದ್ದವು. ಸ್ಕಾಟ್ಲೆಂಡಿನವು ಉಳಿದಿವೆ. ವೇಲ್ಸ್‌ನ ಬಹುಪಾಲು 1940ರಲ್ಲಿ ಸೌತಾಂಪ್ಟನ್ ಮೇಲೆ ಬಿದ್ದ ಬಾಂಬಿಗೆ ಸುಟ್ಟುಹೋದವು. ಭೂಪಟದ ಮೇಲಿನ ಹೆಸರಿಗೆ ಸಾಕ್ಷಿ ಹೇಳುವ ಕಾಗದ ಇಲ್ಲವಾದ್ದರಿಂದಲೇ ಬದುಕಿರುವವರ ಬಾಯಿಯ ಮಾತು ಇಷ್ಟು ಬೆಲೆಬಾಳುತ್ತದೆ.

ಆ ಮಾತನ್ನು ಪಡೆಯಬೇಕಾದದ್ದು ಅದೇ ಬೆಟ್ಟದಲ್ಲಿ ಕುರಿ ಮೇಯಿಸುವ ರೈತರಿಂದ. ವಸಂತದಲ್ಲಿ ಕುರಿಗಳು ಮರಿಹಾಕುವ ವಾರಗಳಲ್ಲಿ ಹೋಗಬೇಡಿ, ಅವರಿಗೆ ನಿದ್ದೆಯೇ ಇರುವುದಿಲ್ಲ. ‘ಇದಕ್ಕೆ ಇಂಥ ಹೆಸರಲ್ಲವೇ’ ಎಂದು ಯಾವತ್ತೂ ಕೇಳಬೇಡಿ. ಸೌಜನ್ಯಕ್ಕೆ ಹೌದು ಎಂದುಬಿಡುತ್ತಾರೆ, ನಿಮ್ಮ ಊಹೆಯೇ ಸ್ಥಳೀಯ ಹೆಸರಾಗಿ ದಾಖಲಾಗುತ್ತದೆ. ಹೆಸರು ಅಳಿಸಿದ ನಕ್ಷೆ ಅಥವಾ ಅವರ ಅಂಗಳದಿಂದಲೇ ತೆಗೆದ ಫೋಟೊ ಮುಂದಿಟ್ಟು ‘ಇದನ್ನು ಏನಂತೀರಿ’ ಎನ್ನಿ. ಬೆರಳು ಎಲ್ಲಿ ಇಟ್ಟರು, ಎಲ್ಲಿಂದ ಎಲ್ಲಿಯವರೆಗೆ ಎಳೆದರು ಎಂಬುದನ್ನು ಆಗಲೇ ಗುರುತು ಹಾಕಿಕೊಳ್ಳಿ. ತುದಿಗೋ, ಈ ಬದಿಯ ಇಳಿಜಾರಿಗೋ, ಗೋಡೆಯೊಳಗಿನ ಮೇವುಗಾವಲಿಗೋ? ಉಚ್ಚಾರವನ್ನು ಧ್ವನಿಮುದ್ರಿಸಿ, ಕಾಗುಣಿತ ಅವರ ಕೈಯಲ್ಲೇ ಬರೆಸಿ. ವಾಯವ್ಯದಲ್ಲಿ ಬಹುವಚನದ ಕೊನೆಯ ‘ಐ’ ಮಾತಿನಲ್ಲಿ ‘ಅ’ ಆಗುತ್ತದೆ: ಬರೆಯುವುದು ಕಾರ್ನೆದೈ, ಆಡುವುದು ಕಾರ್ನೆದ. ಎರಡನ್ನೂ ಇಟ್ಟುಕೊಳ್ಳಿ.

ಬೆಟ್ಟದ ಇನ್ನೊಂದು ಬದಿಯ ಫಾರ್ಮಿಗೂ ಹೋಗಲೇಬೇಕು. ಅಲ್ಲಿ ಬೇರೆ ಹೆಸರು ಸಿಗುವುದು ತೀರ ಸಾಮಾನ್ಯ, ಎರಡೂ ಸರಿ. ಕೆಲವರು ‘ಅ ವೊಯ್ಲ್’, ಬೋಳುಗುಡ್ಡ, ಎಂದಷ್ಟೇ ಹೇಳುತ್ತಾರೆ. ಊರಿಗೆ ಒಂದೇ ಗುಡ್ಡವಿದ್ದರೆ ಅಷ್ಟೇ ಸಾಕಲ್ಲ. ತುದಿಗೆ ಹೆಸರೇ ಇಲ್ಲದೆ ಕಣಿವೆದಾರಿಗೆ ಮಾತ್ರ ಗಟ್ಟಿ ಹೆಸರಿರುವುದೂ ಉಂಟು: ‘ಬುಲ್ಖ್’, ಅಂದರೆ ಎರಡು ಬೆಟ್ಟಗಳ ನಡುವಿನ ಕಂಡಿ, ಜನ ದನ ಕುರಿ ನಡೆದ ಜಾಗ.

ಇಲ್ಲಿ ಭಾರತದ ಒಂದು ಪ್ರಸಂಗ ನೆನಪಾಗದೆ ಇರದು. ವಾನ್ ಅ ಬೀಗ್‌ನಿಂದ ದೂರವಿಲ್ಲದ ಕ್ರಿಕ್‌ಹೌವೆಲ್ ಬಳಿಯ ಗ್ವೆರ್ನ್‌ವೇಲ್, ಜಾರ್ಜ್ ಎವರೆಸ್ಟ್ ಮನೆತನದ ಎಸ್ಟೇಟು. ಭಾರತದ ಸರ್ವೇಯರ್ ಜನರಲ್ ಆಗಿದ್ದ ಅವರು ಸ್ಥಳೀಯ ಹೆಸರುಗಳನ್ನೇ ಬಳಸುವ ಪರ ಇದ್ದವರು. ಅವರ ಉತ್ತರಾಧಿಕಾರಿ ಆಂಡ್ರ್ಯೂ ವಾ 1856ರಲ್ಲಿ, ಸ್ಥಳೀಯ ಹೆಸರು ಸಿಗುತ್ತಿಲ್ಲವೆಂದು, ಅತಿ ಎತ್ತರದ ಶಿಖರಕ್ಕೆ ಎವರೆಸ್ಟರ ಹೆಸರು ಸೂಚಿಸಿದರು. ಸ್ವತಃ ಎವರೆಸ್ಟರೇ ಆಕ್ಷೇಪಿಸಿದರೂ ಅದೇ ನಿಂತಿತು. ಟಿಬೆಟಿನ ಕಡೆ ಚೋಮೊಲುಂಗ್ಮ ಎಂಬ ಹೆಸರು ಇದ್ದೇ ಇತ್ತು. ಬೆಟ್ಟದ ಇನ್ನೊಂದು ಬದಿಯಲ್ಲಿ ಕೇಳದಿದ್ದರೆ ಹೀಗಾಗುತ್ತದೆ.

ಇನ್ನು ಎತ್ತರ. ಭೂಪಟದ ಅಂಕಿಗಳು ಬಹುಪಾಲು ವಿಮಾನದಿಂದ ತೆಗೆದ ಚಿತ್ರಗಳಿಂದ ಬಂದವು. ಎರಡು ಮೂರು ಮೀಟರ್ ಆಚೀಚೆ ಆಗುವುದು ಅವುಗಳಿಗೆ ಸಹಜ. 2010ರಲ್ಲಿ ಅಳೆದಾಗ ಟ್ರವಾನ್ 915ರಿಂದ 917.5 ಮೀಟರಿಗೆ ಏರಿತು, ಗ್ಲಡರ್ ವಾವ್ರ್ 999ರಿಂದ 1000.8ಕ್ಕೆ. ವೇಲ್ಸ್‌ನ ಸಾವಿರ ಮೀಟರಿನ ಶಿಖರಗಳು ನಾಲ್ಕಿದ್ದದ್ದು ಐದಾದವು.

ಎತ್ತರ ಅಳೆಯುವ ಮೊದಲ ಕೆಲಸ ಜಿಪಿಎಸ್ ಅಲ್ಲ, ಅತಿ ಎತ್ತರದ ನೈಸರ್ಗಿಕ ನೆಲ ಯಾವುದೆಂದು ಕಂಡುಹಿಡಿಯುವುದು. ಜನ ಪೇರಿಸಿದ ಕಲ್ಲುಗುಪ್ಪೆ ಲೆಕ್ಕಕ್ಕಿಲ್ಲ. ಕಣ್ಣನ್ನು ನಂಬಬೇಡಿ: ದೂರದ ಬಂಡೆ ಯಾವಾಗಲೂ ಎತ್ತರವಾಗಿ ಕಾಣುತ್ತದೆ. ಸಮಮಟ್ಟದಲ್ಲಿ ನೋಡುವ ದೂರದರ್ಶಕವಿರುವ ಲೆವೆಲ್ ಉಪಕರಣವನ್ನು ಮಧ್ಯದಲ್ಲಿ ನಿಲ್ಲಿಸಿ, ಅನುಮಾನವಿರುವ ಪ್ರತಿ ಜಾಗದ ಮೇಲೂ ಸ್ಟಾಫ್ (ಅಳತೆ ಗೆರೆಗಳಿರುವ ಕೋಲು) ಇರಿಸಿ ಮಿಲಿಮೀಟರ್‌ವರೆಗೆ ಓದಿ. ಓದು ಕಡಿಮೆ ಬಂದಷ್ಟೂ ನೆಲ ಎತ್ತರ. ಸ್ಟಾಫ್‌ನ ಗುಳ್ಳೆ ಮಧ್ಯದಲ್ಲಿರಲಿ; 3 ಮೀಟರ್ ಓದಿನಲ್ಲಿ 3 ಡಿಗ್ರಿ ವಾಲಿದರೆ 4 ಮಿಲಿಮೀಟರ್ ಹೆಚ್ಚು ಓದುತ್ತದೆ, ನೆಲ ತಗ್ಗಾಗಿ ತೋರುತ್ತದೆ. ಕೊಳೆತ ಹುಲ್ಲಿನ ಪೀಟ್ ಮಣ್ಣಿದ್ದರೆ ಸ್ಟಾಫ್ ಹೂತುಕೊಳ್ಳದಂತೆ ಬುಡದಲ್ಲಿ ಅಗಲದ ತಟ್ಟೆ ಇಡಿ.

ಬೆಟ್ಟದ ಏರು ತಿಳಿಯಲು ಕಂಡಿಯನ್ನೂ ಅಳೆಯಬೇಕು, ಅಲ್ಲಿ ಕೆಲಸ ಇನ್ನೂ ಕಷ್ಟ. ಬೆಟ್ಟದಿಂದ ಬೆಟ್ಟಕ್ಕೆ ನಡೆಯುವವರಿಗೆ ಅತಿ ತಗ್ಗಾದ, ಅದೇ ಹೊತ್ತಿಗೆ ಕಣಿವೆಯಿಂದ ಕಣಿವೆಗೆ ದಾಟುವವರಿಗೆ ಅತಿ ಎತ್ತರದ ಬಿಂದು ಬೇಕು, ಕುದುರೆ ಜೀನಿನ ನಡುವಿನಂತೆ. ಚಪ್ಪಟೆ ಜೌಗಿನಲ್ಲಿ ಅದು ಕಣ್ಣಿಗೆ ಸಿಗುವುದಿಲ್ಲ. ಸಣ್ಣ ಬಾವುಟಗಳನ್ನು ನೆಟ್ಟು, ಅಡ್ಡಡ್ಡ ಸಾಲುಗಳಲ್ಲಿ ಓದುತ್ತಾ ಹೋಗಿ. ಪ್ರತಿ ಸಾಲಿನ ಅತಿ ಎತ್ತರದ ಬಿಂದು ಗುರುತಿಸಿ, ಆ ಬಿಂದುಗಳಲ್ಲಿ ಅತಿ ತಗ್ಗಿನದೇ ನಿಮ್ಮ ಕಂಡಿ. ರಸ್ತೆ, ಕಾಲುವೆ ಕಡಿದು ನೆಲ ಬದಲಾಗಿದ್ದರೆ ಬದಿಯಲ್ಲಿ ಉಳಿದ ಮೂಲ ನೆಲ ಹುಡುಕಬೇಕು.

ಆಮೇಲೆ ಉಪಗ್ರಹದ ಸಂಕೇತ ಹಿಡಿಯುವ ಜಿಪಿಎಸ್ ರಿಸೀವರ್. ಟ್ರೈಪಾಡನ್ನು ಬಿಂದುವಿನ ನೇರ ಮೇಲೆ ನಿಲ್ಲಿಸಿ ಕನಿಷ್ಠ 2 ಗಂಟೆ ದತ್ತಾಂಶ ತುಂಬಿಕೊಳ್ಳಿ, ನಂತರ ಆರ್ಡ್‌ನೆನ್ಸ್ ಸರ್ವೆಯ ಶಾಶ್ವತ ಕೇಂದ್ರಗಳ ದತ್ತಾಂಶದ ಜೊತೆ ಸಂಸ್ಕರಿಸಿ. ಇಷ್ಟು ಮಾಡಿದರೆ ಸುಮಾರು 5 ಸೆಂಟಿಮೀಟರ್ ಆಚೀಚೆಯ ಎತ್ತರ ಸಿಗುತ್ತದೆ. ಅತಿ ಹೆಚ್ಚು ಕೆಡುವುದು ಆಂಟೆನಾದ ಎತ್ತರ ಬರೆದುಕೊಳ್ಳುವಲ್ಲಿ. ಲೈಕಾ ಕಂಪನಿಯ ಉಪಕರಣದ ಅಳತೆ ಕೊಂಡಿಯಲ್ಲಿ ಟೇಪಿನ ಓದಿಗೆ 0.36 ಮೀಟರ್ ಕೂಡಿಸಬೇಕು. ಮರೆತರೆ ಅಥವಾ ಎರಡು ಸಲ ಕೂಡಿಸಿದರೆ ಬೆಟ್ಟವೇ 36 ಸೆಂಟಿಮೀಟರ್ ಜಿಗಿಯುತ್ತದೆ. ಶುರುವಿನಲ್ಲೂ ಕೊನೆಯಲ್ಲೂ ಅಳೆಯಿರಿ, ಟೇಪಿನ ಫೋಟೊ ತೆಗೆಯಿರಿ. ಎರಡು ಓದು ಹೊಂದದಿದ್ದರೆ ಟ್ರೈಪಾಡಿನ ಕಾಲು ಮಣ್ಣಿನಲ್ಲಿ ಇಳಿದಿರಬಹುದು.

ಆ 36 ಸೆಂಟಿಮೀಟರ್ ಎಷ್ಟು ದೊಡ್ಡದೆಂದು ಕೆಂಪು ಬಂಡೆಯ ಪರ್ವತವೇ ಹೇಳುತ್ತದೆ. ಬೆಟ್ಟ ಪರ್ವತವೆನಿಸಲು ಮುಟ್ಟಬೇಕಾದ 2000 ಅಡಿ ಎಂದರೆ 609.6 ಮೀಟರ್. ಮನಿದ್ ಗ್ರೈಗ್ ಗೋಖ್ ಭೂಪಟದಲ್ಲಿ 609, ಅಂದರೆ 1998 ಅಡಿ. 2008ರಲ್ಲಿ ಮೂವರು ಹವ್ಯಾಸಿಗಳು ಅಳೆದಾಗ ಬಂದದ್ದು 609.75. ಪರ್ವತವೆನಿಸಿಕೊಂಡದ್ದು 15 ಸೆಂಟಿಮೀಟರ್ ಅಂತರದಲ್ಲಿ, ಒಂದು ಗೇಣಿಗಿಂತ ಕಡಿಮೆ.

ಉಪಗ್ರಹ ಕೊಡುವ ಎತ್ತರ ಗಣಿತದ ದೀರ್ಘಗೋಲದ, ಅಂದರೆ ಭೂಮಿಯ ಆಕಾರಕ್ಕೆ ಲೆಕ್ಕದಲ್ಲಿ ಹೊಂದಿಸಿದ ನುಣುಪು ಗೋಲದ, ಮೇಲಿನದು. ನಮಗೆ ಬೇಕಾದದ್ದು ಸಮುದ್ರಮಟ್ಟದಿಂದ. ಬ್ರಿಟನ್ನಿನಲ್ಲಿ ಅದು ಕಾರ್ನ್‌ವಾಲ್‌ನ ನ್ಯೂಲಿನ್ ಬಂದರಿನಲ್ಲಿ 1915ರಿಂದ 1921ರವರೆಗೆ ಅಳೆದ ಸರಾಸರಿ. ವೇಲ್ಸ್‌ನಲ್ಲಿ ಎರಡರ ನಡುವೆ 50 ಮೀಟರಿಗೂ ಹೆಚ್ಚು ಅಂತರ. ಪರಿವರ್ತನೆಗೆ ಯಾವ ಮಾದರಿ ಬಳಸಿದಿರಿ ಎಂದು ಬರೆಯದ ಅಂಕಿಗೆ ಬೆಲೆಯಿಲ್ಲ. ಗಡಿಯಾಚೆ ಇಂಗ್ಲೆಂಡಿನ ಕಾಫ್ ಟಾಪ್ ಬೆಟ್ಟ 2000 ಅಡಿಗೆ ಕೂದಲೆಳೆ ಕಡಿಮೆ ಇತ್ತು. 2016ರಲ್ಲಿ ಮಾದರಿ ಪರಿಷ್ಕೃತವಾದಾಗ, ಯಾರೂ ಮೇಲೆ ಹತ್ತದೆಯೇ, 609.606 ಆಯಿತು.

ಈಗ ವೇಲ್ಸ್ ಪೂರ್ತಿಗೆ 1 ಮೀಟರ್ ಜಾಲದ ಲೈಡಾರ್ (ವಿಮಾನದಿಂದ ಲೇಸರ್ ಬಿಟ್ಟು ನೆಲ ಅಳೆಯುವ ವಿಧಾನ) ದತ್ತಾಂಶವಿದೆ, ಮನೆಯಲ್ಲೇ ಕೂತು ತೆರೆಯಬಹುದು. ಹುಲ್ಲುಬೆಟ್ಟಕ್ಕೆ, ಕಂಡಿ ಹುಡುಕಲು ಅದು ವರದಾನ. ಆದರೆ ಚೂಪು ಬಂಡೆಯ ತುದಿ ಎರಡು ಬಿಂದುಗಳ ನಡುವೆ ತಪ್ಪಿಹೋಗುತ್ತದೆ, ಗಿಡಮರ ತೆಗೆಯುವ ಸೋಸುವಿಕೆ ಕೆಲವೊಮ್ಮೆ ಬಂಡೆಯನ್ನೂ ಸವರುತ್ತದೆ. ಲೈಡಾರ್‌ನಲ್ಲಿ ಗಡಿಯಂಚಿನ ಬೆಟ್ಟಗಳನ್ನು ಆರಿಸಿಕೊಂಡು ಉಪಕರಣ ಹೊತ್ತು ಹೋಗುವುದೇ ಸರಿಯಾದ ಕ್ರಮ.

ದಾಖಲೆ ಬರೆಯುವಾಗ ಹೆಸರಿನ ಪಕ್ಕ ಇಷ್ಟಿರಲಿ: ಯಾವ ಬದಿಯಲ್ಲಿ ಬಳಕೆ, ಯಾವ ನೆಲಕ್ಕೆ, ಯಾವ ಕಾಗದದಲ್ಲಿ ಯಾವ ವರ್ಷ, ಯಾವ ಕಾಗುಣಿತ. ಎತ್ತರದ ಪಕ್ಕ: ಹತ್ತಂಕಿಯ ಗ್ರಿಡ್ ಸ್ಥಾನ, ಬಿಂದುವಿನ ವರ್ಣನೆ (ಗುಪ್ಪೆಯಿಂದ ಎಷ್ಟು ಮೀಟರ್, ಯಾವ ದಿಕ್ಕಿಗೆ, ಬಂಡೆಯೋ ಹುಲ್ಲೋ), ದತ್ತಾಂಶ ತುಂಬಿದ ಅವಧಿ, ಆಂಟೆನಾದ ಎರಡೂ ಓದು, ಪರಿವರ್ತನೆಯ ಮಾದರಿ. ಬಿಂದುವಿನ ಮೇಲೆ ಟ್ರೈಪಾಡ್ ನಿಂತ ಫೋಟೊವನ್ನು ಹತ್ತಿರದಿಂದ ಒಂದು, ದೂರದಿಂದ ಒಂದು ತೆಗೆಯಿರಿ. ಮುಂದಿನವರು ಅದೇ ಕಲ್ಲಿನ ಮೇಲೆ ಸ್ಟಾಫ್ ಇಡಬೇಕಲ್ಲ.