ಅಪ್ಪನ ಟ್ರ್ಯಾಕ್ಟರ್ ಮಾತಾಡಿತು

ಹೆಸರಘಟ್ಟದ ತೋಟದಲ್ಲಿ ಅಪ್ಪನ ಹಳೇ ಟ್ರ್ಯಾಕ್ಟರ್ ಮೂರು ವಾರದಿಂದ ಸುಮ್ನೆ ನಿಂತಿತ್ತು. ಕೀ ತಿರುಗಿಸಿದರೆ ‘ಟಕ್’ ಅಂತ ಒಂದೇ ಸದ್ದು. ಇಂಜಿನ್ ತಿರುಗಿಸಿ ಶುರು ಮಾಡೋ ಸ್ಟಾರ್ಟರ್ ಮೋಟಾರ್ ಹೋಗಿದೆ, ಗುಜರಿಗೆ ಹಾಕು ಅಂದವರೇ ಜಾಸ್ತಿ. ಹಳೇದು ಅಂದ ತಕ್ಷಣ ನಾವು ಕೈಬಿಡೋದು ಎಷ್ಟು ಬೇಗ ಅಲ್ವಾ?

ಮೀಟರ್ ಇಟ್ಟು ನೋಡಿದೆ. ಬ್ಯಾಟರಿ 12.6 ವೋಲ್ಟ್, ಪೂರ್ತಿ ಚಾರ್ಜ್. ಕೀ ತಿರುಗಿಸಿದಾಗಲೂ ಹೆಚ್ಚು ಇಳಿಯಲಿಲ್ಲ. ಅಂದರೆ ಸ್ಟಾರ್ಟರ್ ಮೋಟಾರಿಗೆ ಕರೆಂಟೇ ಹೋಗುತ್ತಿಲ್ಲ! ಬ್ಯಾಟರಿಯನ್ನು ಟ್ರ್ಯಾಕ್ಟರಿನ ಕಬ್ಬಿಣದ ಮೈಗೆ ಸೇರಿಸುವ ಅರ್ತ್ ಕೇಬಲ್ ಬಿಚ್ಚಿದೆ. ಅದು ಕೂರುವ ಜಾಗದಲ್ಲಿ ತುಕ್ಕು, ಬಣ್ಣ, ಗಟ್ಟಿಯಾದ ಗ್ರೀಸ್. ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೂ ಉಜ್ಜಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ದಪ್ಪ ತಾಮ್ರದ ಕೇಬಲ್ ಬಿಗಿದೆ. ಗೇರ್ ನ್ಯೂಟ್ರಲ್‌ಗೆ ಹಾಕಿ ಕೀ ತಿರುಗಿಸಿದೆ.

ಒಂದು ಸುತ್ತು, ಎರಡು, ಒಂದಿಷ್ಟು ಕಪ್ಪು ಹೊಗೆ. ಆಮೇಲೆ ಅದೇ ಹಳೇ ಡುಗುಡುಗು. ಅಮ್ಮ ಒಲೆ ಬಿಟ್ಟು ಅಂಗಳಕ್ಕೆ ಓಡಿ ಬಂದಳು.