ನಲ್ಲಿ ಬಿಟ್ಟೇ ಇಡಿ

ಕಳೆದ ಮಾರ್ಚ್‌ನಲ್ಲಿ ಉಡುಪಿಯಿಂದ ಅಮ್ಮ ವಿಡಿಯೋ ಕಾಲ್ ಮಾಡಿದಾಗ ಹಿಂದೆ ಅಡುಗೆಮನೆಯ ನಲ್ಲಿ ಸುರಿಯುತ್ತಿತ್ತು. ಪೆನ್ಸಿಲ್ ದಪ್ಪದ ನೀರು, ಆದ್ರೂ ಅವಳ ಕಿವಿಗೆ ಬಿತ್ತು. "ಎಂತ ಸದ್ದು ಅದು, ಮೊದಲು ಹೋಗಿ ನಲ್ಲಿ ಬಂದ್ ಮಾಡು" ಅಂದಳು. ಬಂದ್ ಮಾಡುವ ಹಾಗಿಲ್ಲ ಅಮ್ಮ, ಹಗಲೂ ರಾತ್ರಿ ಬಿಟ್ಟೇ ಇಡಿ ಅಂತ ನೀರಿನ ಇಲಾಖೆಯವರೇ ನೋಟಿಸ್ ಕೊಟ್ಟಿದ್ದಾರೆ ಅಂದೆ. "ನಿನ್ನ ಮಂಡೆ ಸಮ ಉಂಟಾ?"

ಅವಳದ್ದೇನೂ ತಪ್ಪಿಲ್ಲ. ಬೇಸಿಗೆ ಬಂತೆಂದರೆ ಸ್ವರ್ಣಾ ನದಿಯ ಬಜೆ ಡ್ಯಾಮ್‌ನಲ್ಲಿ ನೀರು ಎಷ್ಟು ಉಳಿದಿದೆ ಅಂತ ಪೇಪರ್‌ನಲ್ಲಿ ಹುಡುಕಿ, ನೀರು ಬಂದ ದಿನ ಕೊಡಪಾನ, ಬಕೆಟ್, ಕೊನೆಗೆ ಕುಕ್ಕರ್ ತನಕ ತುಂಬಿಸಿಟ್ಟವಳು.

ನಾನಿರುವುದು ಕೆನಡಾದ ವಿನಿಪೆಗ್. ಜನವರಿ ರಾತ್ರಿ ಮೈನಸ್ 30 ಡಿಗ್ರಿ ಅಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನೀರು ಮಂಜುಗಡ್ಡೆಯಾಗುವಾಗ ಸುಮಾರು 9 ಶೇಕಡ ಹಿಗ್ಗುತ್ತದೆ, ಕಬ್ಬಿಣದ ಪೈಪೂ ತಡೆಯುವುದಿಲ್ಲ. ಅದಕ್ಕೇ ಇಲ್ಲಿ ದೊಡ್ಡ ಪೈಪುಗಳನ್ನು ಸುಮಾರು 8 ಅಡಿ ಆಳದಲ್ಲಿ ಹೂತಿರುತ್ತಾರೆ. ನಮ್ಮಲ್ಲಿ ಜೆಸಿಬಿ ಒಂದು ಸಲ ಬಾಯಿ ಹಾಕಿದರೆ ನೀರು ಚಿಮ್ಮುತ್ತದೆ, ಅಲ್ವಾ!

ಚಳಿ ಶುರುವಾಗುವ ಮೊದಲೇ ಇಲಾಖೆಯವರು ಓಡಾಡಲು ಶುರುಮಾಡುತ್ತಾರೆ. ಬೆಂಕಿ ನಂದಿಸಲು ನೀರು ಕೊಡುವ ಮೋಟು ಕಂಬಗಳಿವೆಯಲ್ಲ, ಫೈರ್ ಹೈಡ್ರಂಟ್, ಅದರ ಒಳಗೆ ಮಾಮೂಲಿಯಾಗಿ ನೀರೇ ಇರುವುದಿಲ್ಲ. ವಾಲ್ವ್ ಇರುವುದು ಕೆಳಗೆ, ಚಳಿ ಮುಟ್ಟದ ಆಳದಲ್ಲಿ. ಮೇಲೆ ನಟ್ ತಿರುಗಿಸಿದರೆ ಉದ್ದದ ಸರಳು ಅದನ್ನು ತೆರೆಯುತ್ತದೆ, ಮುಚ್ಚಿದ ಮೇಲೆ ಕಂಬದೊಳಗಿನ ನೀರು ತಾನಾಗಿ ಮಣ್ಣಿಗೆ ಇಳಿದುಹೋಗಬೇಕು. ಇಳಿಯದೆ ನಿಂತಿದ್ದರೆ ಪಂಪ್ ಹಾಕಿ ಎಳೆಯುತ್ತಾರೆ. ಇಲ್ಲದಿದ್ದರೆ ಬೆಂಕಿ ಬಿದ್ದ ದಿನ ಅದರೊಳಗೆ ಬರೀ ಮಂಜುಗಡ್ಡೆ.

ನನಗೆ ಅರ್ಥವಾಗಲು ಹೊತ್ತು ಹಿಡಿದದ್ದು ಇನ್ನೊಂದು ವಿಷಯ. ಪೈಪಿಗೆ ದೊಡ್ಡ ಕಂಟಕ ಜನವರಿಯಲ್ಲ, ಮಾರ್ಚ್. ಚಳಿ ನೆಲದೊಳಗೆ ನಿಧಾನಕ್ಕೆ ಇಳಿಯುತ್ತದೆ, ಮೇಲೆ ಜನ ಜಾಕೆಟ್ ಬಿಚ್ಚುವ ಹೊತ್ತಿಗೆ ಅದು ಇನ್ನೂ ಕೆಳಗೆ ಹೋಗುತ್ತಿರುತ್ತದೆ. ಅಂಗಳದಲ್ಲಿ ಬಿದ್ದ ಹಿಮ ಕಂಬಳಿಯ ಹಾಗೆ ಮಣ್ಣನ್ನು ಕಾಪಾಡುತ್ತದೆ, ರಸ್ತೆಯ ಹಿಮ ಮಾತ್ರ ಗುಡಿಸಿ ತೆಗೆದಿರುತ್ತಾರಲ್ಲ, ಅದರ ಅಡಿಯಲ್ಲೇ ಚಳಿ ಜಾಸ್ತಿ ಆಳಕ್ಕೆ ಹೋಗುತ್ತದೆ. 2014ರಲ್ಲಿ ಹೀಗೇ 2,000ಕ್ಕೂ ಹೆಚ್ಚು ಮನೆಗಳ ಪೈಪ್ ಕಟ್ಟಿಕೊಂಡಿತ್ತು. ಆಗ ಪಕ್ಕದ ಮನೆಯಿಂದ ಹೋಸ್ ಎಳೆದು ನೀರು ಕೊಟ್ಟರಂತೆ, ನಮ್ಮ ಬಾವಿ ಬತ್ತಿದಾಗ ಆಚೆ ಮನೆಯ ಬಾವಿಯಿಂದ ಪೈಪ್ ಹಾಕಿದ ಹಾಗೆ. ಹರಿಯುವ ನೀರು ಬೇಗ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಅಪಾಯ ಇರುವ ಮನೆಗಳಿಗೆ ನಲ್ಲಿ ಬಿಟ್ಟಿಡಲು ನೋಟಿಸ್. ಜಾಸ್ತಿ ಹರಿದ ನೀರನ್ನು ಬಿಲ್ಲಿನಲ್ಲಿ ಸರಿ ಮಾಡುತ್ತಾರೆ.

ಈ ನೀರು ಬರುವುದು ಸುಮಾರು 150 ಕಿಲೋಮೀಟರ್ ದೂರದ ಶೋಲ್ ಲೇಕ್‌ನಿಂದ, 1919ರಲ್ಲಿ ಮುಗಿದ, ಮೇಲೆ ಮುಚ್ಚಿದ ಕಾಲುವೆಯಲ್ಲಿ, ಪಂಪ್ ಇಲ್ಲದೆ, ಇಳಿಜಾರಿನಲ್ಲೇ. ಆದರೆ ಆ ಕೆರೆಯ ದಡದಲ್ಲೇ ಇರುವ ಮೂಲನಿವಾಸಿಗಳ ಊರಿನವರು 1997ರಿಂದ 2021ರವರೆಗೆ ನಲ್ಲಿ ನೀರು ಕುದಿಸದೆ ಕುಡಿಯುವ ಹಾಗಿರಲಿಲ್ಲ. ಇದನ್ನು ಓದಿದ ದಿನ ನನ್ನ ನಲ್ಲಿಯ ಸದ್ದು ಒಂಥರಾ ಕೇಳಿಸಿತು.

ನನ್ನದೂ ಒಂದು ಎಡವಟ್ಟು ಇದೆ. ಮೊದಲ ವರ್ಷ ಹೊರಗಿನ ನಲ್ಲಿಗೆ ಸಿಕ್ಕಿಸಿದ ಹೋಸ್ ತೆಗೆದಿರಲಿಲ್ಲ. ಹೋಸ್ ಇದ್ದರೆ ಪೈಪಿನೊಳಗೆ ನೀರು ನಿಂತು ಹೆಪ್ಪುಗಟ್ಟುತ್ತದೆ, ತೆಗೆಯಿರಿ ಅಂತ ಎಲ್ಲರೂ ಹೇಳಿದ್ದರು, ಸುಮ್ನೆ ಹೆದರಿಸುತ್ತಾರೆ ಅಂದುಕೊಂಡೆ. ಚಳಿಗಾಲ ಪೂರ್ತಿ ಏನೂ ಆಗಲಿಲ್ಲ. ಮೇ ತಿಂಗಳಲ್ಲಿ ಗಿಡಕ್ಕೆ ನೀರು ಬಿಡೋಣ ಅಂತ ನಲ್ಲಿ ತಿರುಗಿಸಿದರೆ ಹೋಸಿನಲ್ಲಿ ನಾಲ್ಕು ಹನಿ. ಒಳಗೆ ಬಂದು ನೋಡಿದರೆ ನೆಲಮಾಳಿಗೆಯಲ್ಲಿ ಮಳೆ. ಗೋಡೆಯೊಳಗಿನ ಪೈಪ್ ಒಡೆದದ್ದು ಯಾವಾಗಲೋ, ಗೊತ್ತಾದದ್ದು ಆಗ. ಅಕ್ಕಿ ಮೂಟೆ ಅಲ್ಲೇ ಇತ್ತು, ಊರಿನ ಕುಚ್ಚಲಕ್ಕಿ!

ಅಮ್ಮನಿಗೆ ಇಷ್ಟೆಲ್ಲ ಹೇಳಿದೆ. ಹೂಂ ಹೂಂ ಅಂತ ಕೇಳಿ, "ಆಯ್ತು, ಅದರ ಅಡಿಗೆ ಒಂದು ಬಕೆಟ್ ಆದರೂ ಇಡು" ಅಂದಳು. ಇಟ್ಟಿದ್ದೇನೆ. ಹತ್ತು ನಿಮಿಷಕ್ಕೇ ತುಂಬಿ ಹರಿಯುತ್ತದೆ.