ಆರು ಬೇಸ್ ಲೈನ್‌ಗಳು: ಏಳು ತಿಂಗಳ ಲೆಕ್ಕ

ಜೂನ್‌ನಲ್ಲಿ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೆ: ಒಂದು ವರ್ಷ, ಆರು ಬೇಸ್ ಲೈನ್. ಬೇಸ್ ಲೈನ್ ಅಂದರೆ ಹಾಡಿನ ತಳದಲ್ಲಿ ಬೇಸ್ ಗಿಟಾರ್ ನುಡಿಸುವ ತಗ್ಗಿನ ಸ್ವರಗಳ ಸಾಲು. ಹಾಡು ಶುರುವಾದಲ್ಲಿಂದ ಮುಗಿಯುವವರೆಗೆ, ಎಲ್ಲಿಯೂ ನಿಲ್ಲಿಸದೆ, ಹಾಡಿನ ಜೊತೆಗೇ ನುಡಿಸಬೇಕು. ಈಗ ಜನವರಿ. ಮೂರು ಮುಗಿದಿವೆ. ಒಂದು ಅರ್ಧದಲ್ಲಿದೆ. ಒಂದು ಈ ವಾರ ಶುರುವಾಗಿದೆ. ಆರನೆಯದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ.

ನನ್ನ ಬೇಸ್ ಹಳೆಯದು, ನಾಲ್ಕು ತಂತಿಯದು. ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಬಸ್ಸಿನಲ್ಲಿ ಎರಡು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು ಬದಿಯಡ್ಕದವರೆಗೆ ತಂದೆ. ಆಫೀಸಿನಿಂದ ಬಂದ ಮೇಲೆ ದಿನಾ ಮುಕ್ಕಾಲು ಗಂಟೆ ಅಭ್ಯಾಸ. ಮನೆಯಲ್ಲಿ ಕೇಳುವವರು ಹೆಚ್ಚಾಗಿ ಸೋದರಮಾವ ಒಬ್ಬರೇ. ಅವರು ತಾಳಮದ್ದಳೆ ಕೂಟಗಳಲ್ಲಿ ವರ್ಷಗಟ್ಟಲೆ ಮದ್ದಳೆ ಬಾರಿಸಿದವರು. ಈ ಲೆಕ್ಕದಲ್ಲಿ ಅವರ ಪಾಲು ಇಷ್ಟು ಇರುತ್ತದೆ ಅಂತ ಜೂನ್‌ನಲ್ಲಿ ನನಗೆ ಗೊತ್ತಿರಲಿಲ್ಲ.

ಜೂನ್, ಜುಲೈ

ಮೊದಲನೆಯದು ಕ್ವೀನ್ ತಂಡದ 'ಅನದರ್ ಒನ್ ಬೈಟ್ಸ್ ದ ಡಸ್ಟ್'. 1980ರ ಹಾಡು. ಬರೆದವರು ತಂಡದ ಬೇಸ್ ವಾದಕ ಜಾನ್ ಡೀಕನ್ ಅವರೇ. ಬೇಸ್ ಹಿಡಿದವರು ಹಾಡು ಬರೆದರೆ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಪಾಶ್ಚಾತ್ಯ ಸಂಗೀತದ ಇ (E) ಸ್ವರ ಮೂರು ಸಲ, ಆಮೇಲೆ ಖಾಲಿ. ಆ ಖಾಲಿ ಜಾಗವೇ ಹಾಡನ್ನು ಹಿಡಿದು ನಿಲ್ಲಿಸುತ್ತದೆ.

ಬೆರಳಿಗೆ ಎರಡೇ ದಿನದಲ್ಲಿ ಬಂತು. ಕೇಳಿದರೆ ಮಾತ್ರ ಆ ಹಾಡಿನ ಹಾಗೆ ಇರಲಿಲ್ಲ. ಮೂರನೆಯ ಇ ಬಾರಿಸಿದ ಮೇಲೂ ತಂತಿ ಗುಂಯ್ ಅನ್ನುತ್ತಲೇ ಇತ್ತು. ಖಾಲಿ ಇರಬೇಕಾದಲ್ಲಿ ಖಾಲಿ ಇರಲಿಲ್ಲ. ಮಾವ ಒಂದು ಸಂಜೆ ಬಾಗಿಲಲ್ಲಿ ನಿಂತು ಕೇಳಿದರು. "ಪೆಟ್ಟು ಸರಿ ಉಂಟು. ಮುಚ್ಚುವುದು ಯಾವಾಗ?" ಅಂದರು. ಮದ್ದಳೆಯಲ್ಲಿ ಕೈ ತೆಗೆದು ನಾದ ಬಿಡುವ ಪೆಟ್ಟು ಬೇರೆ, ಕೈ ಒತ್ತಿ ನಾದ ಮುಚ್ಚುವ ಪೆಟ್ಟು ಬೇರೆ. ಅಲ್ಲಿಂದ ಮೂರು ವಾರ ನಾನು ಕಲಿತದ್ದು ತಂತಿಯನ್ನು ನಿಲ್ಲಿಸುವುದನ್ನು. ಎಡಗೈ ಬೆರಳು ಪೂರ್ತಿ ಎತ್ತಬಾರದು, ಸುಮ್ನೆ ಸಡಿಲ ಮಾಡಬೇಕು. ಬಲಗೈ ಹೆಬ್ಬೆರಳು ಇ ತಂತಿಗೆ ಒರಗಲು ಸಿದ್ಧ ಇರಬೇಕು.

ಅದೇ ವಾರ ಮೂಲ ಹಾಡನ್ನು ಮಾವನಿಗೆ ಮೊಬೈಲಿನಲ್ಲಿ ಕೇಳಿಸಿದೆ. "ಪದ್ಯ ಕೇಳ್ತದೆ, ನೀನು ಬಾರಿಸುವ ಸ್ವರ ಎಲ್ಲಿ ಉಂಟು?" ಅಂತ ಕೇಳಿದರು. ಅವರ ಪ್ರಶ್ನೆ ಸರಿಯೇ. ಬೇಸ್‌ನ ಕೆಳಗಿನ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊಬೈಲಿನ ಪುಟ್ಟ ಸ್ಪೀಕರ್‌ಗೆ ಅಷ್ಟು ತಗ್ಗಿನ ನಾದ ಹೊರಡಿಸಲು ಆಗುವುದಿಲ್ಲ. ಅದರ ಎರಡು ಪಟ್ಟು, ಮೂರು ಪಟ್ಟು, ಇನ್ನೂ ಮೇಲಿನ ನಾದಗಳು ಮಾತ್ರ ಒಂದಿಷ್ಟು ಬರುತ್ತವೆ. ಅಭ್ಯಾಸ ಇರುವ ಕಿವಿ ಅದರಿಂದಲೇ ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ. ಹೆಡ್‌ಫೋನ್ ಹಾಕಿ ಕೊಟ್ಟೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಇನ್ನೊಂದು ಸಲ ಹಾಕು ಅಂದರು.

ಆಟಿ ತಿಂಗಳು

ಮಳೆಗೆ ಬೇಸ್‌ನ ನೆಕ್, ಅಂದರೆ ಉದ್ದನೆಯ ಕತ್ತು, ಬಾಗಿತು. ಐದನೇ ಫ್ರೆಟ್‌ನಿಂದ (ಸ್ವರದ ಮೆಟ್ಟಿನಿಂದ) ಮೇಲೆ ತಂತಿ ತೀರಾ ಎತ್ತರ. ನೆಕ್ ಒಳಗಿನ ಕಬ್ಬಿಣದ ಸರಳನ್ನು ಕಾಲು ಸುತ್ತು ಬಿಗಿ ಮಾಡಿ ಒಂದು ರಾತ್ರಿ ಬಿಟ್ಟೆ. ಸರಿಯಾಯಿತು. ನಮ್ಮ ಕಡೆಯವರಿಗೆ ಒಂದು ಮಾತು: ಒಂದೇ ಸಲ ಜಾಸ್ತಿ ತಿರುಗಿಸಬೇಡಿ. ನುಡಿಸಿ ಆದ ಮೇಲೆ ದಿನಾ ಒಣ ಬಟ್ಟೆಯಲ್ಲಿ ತಂತಿ ಒರಸಿ. ಇಲ್ಲದಿದ್ದರೆ ಈ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ.

ಕರೆಂಟ್ ಇಲ್ಲದ ರಾತ್ರಿಗಳಲ್ಲಿ ಆಂಪ್ಲಿಫೈಯರ್ ಇಲ್ಲದೆಯೇ 'ಅಂಡರ್ ಪ್ರೆಶರ್' ಕಲಿತೆ. ಕ್ವೀನ್ ಮತ್ತು ಡೇವಿಡ್ ಬೋವಿ ಸೇರಿ ಮಾಡಿದ 1981ರ ಹಾಡು. ಇದೂ ಡೀಕನ್ ನುಡಿಸಿದ್ದೇ. ಶುರುವಿನ ಸಾಲಿನಲ್ಲಿ ಇರುವುದು ಎರಡೇ ಸ್ವರ, ಡಿ ಮತ್ತು ಅದರ ಕೆಳಗಿನ ಎ. ನಮ್ಮ ಲೆಕ್ಕದಲ್ಲಿ ಷಡ್ಜ ಮತ್ತು ಮಂದ್ರದ ಪಂಚಮ. "ಇದು ಶ್ರುತಿಪೆಟ್ಟಿಗೆಯಲ್ಲಿ ಇರುವುದೇ ಅಲ್ವಾ" ಅಂದರು ಮಾವ. ಹೌದು, ಅಷ್ಟೇ. ಅಷ್ಟರಲ್ಲೇ ಕೇಳಿದ ಕೂಡಲೇ ಗುರುತು ಸಿಗುವ ಸಾಲು ಕಟ್ಟಿದ್ದಾರೆ. ಎರಡು ವಾರದಲ್ಲಿ ಮುಗಿಯಿತು.

ಅಕ್ಟೋಬರ್‌ನಿಂದ ಡಿಸೆಂಬರ್

ಪಿಂಕ್ ಫ್ಲಾಯ್ಡ್‌ನ 'ಮನಿ'. 1973. ಬೇಸ್ ರೋಜರ್ ವಾಟರ್ಸ್. ಈ ಏಳು ತಿಂಗಳಲ್ಲಿ ಅತಿ ಹೆಚ್ಚು ದಿನ ಹಿಡಿದದ್ದು ಇದು, ಅತಿ ಹೆಚ್ಚು ಖುಷಿ ಕೊಟ್ಟದ್ದೂ ಇದೇ.

ಹಾಡು ಶುರುವಾಗುವುದು ನಾಣ್ಯ, ಗಲ್ಲಾಪೆಟ್ಟಿಗೆ, ಕಾಗದ ಹರಿಯುವ ಸದ್ದುಗಳಿಂದ. ಟೇಪ್ ತುಂಡುಗಳನ್ನು ಅಳೆದು ಜೋಡಿಸಿ ಆ ಸದ್ದುಗಳನ್ನೇ ತಾಳಕ್ಕೆ ಕೂರಿಸಿದ್ದಾರೆ. ಅದರ ಮೇಲೆ ಬೇಸ್ ಬರುತ್ತದೆ. ಒಂದು ಸುತ್ತಿಗೆ ಏಳು ಎಣಿಕೆ. ನಾನು ಒಂದು-ಎರಡು-ಮೂರು-ನಾಲ್ಕು ಎಂದು ಎಣಿಸಿದೆ, ತಪ್ಪಿತು. ಏಳರವರೆಗೆ ಎಣಿಸಿದೆ. ಆಗಲೂ ಕಾಲು ತಾನಾಗಿ ಎಂಟನೆಯದನ್ನು ತಟ್ಟುತ್ತಿತ್ತು. ನೋಟ್‌ಬುಕ್‌ನಲ್ಲಿ ಅಕ್ಟೋಬರ್ ಪೂರ್ತಿ "ಎರಡನೇ ಸುತ್ತಿಗೆ ಹೋಯಿತು", "ನಾಲ್ಕನೇ ಸುತ್ತಿಗೆ ಹೋಯಿತು" ಎಂದೇ ಇದೆ.

ನವೆಂಬರ್ ಕೊನೆಗೆ ಅಂಗಳದಲ್ಲಿ ಅಡಿಕೆ ಹರಡಿತ್ತು. ನಾನು ಜಗಲಿಯಲ್ಲಿ ಕುಳಿತು ನುಡಿಸುತ್ತಿದ್ದೆ. ಮಾವ ಪಕ್ಕದಲ್ಲಿ ಹಳೆ ಅಡಿಕೆ ಸುಲಿಯುತ್ತಿದ್ದರು. ಸ್ವಲ್ಪ ಹೊತ್ತು ನೋಡಿ ಮಣೆಯಿಂದ ಎದ್ದರು. "ಇದು ತ್ರಿವುಡೆ ಮಾರಾಯ. ನೀನು ಸುಮ್ನೆ ಎಂಟಕ್ಕೆ ಹೋಗ್ತಾ ಇದ್ದಿ. ಮೂರು, ನಾಲ್ಕು. ಮೂರು, ನಾಲ್ಕು." ತೊಡೆಯ ಮೇಲೆ ತಾಳ ಹಾಕಿ ತೋರಿಸಿದರು. ತ್ರಿವುಡೆ ಅಂದರೆ ಯಕ್ಷಗಾನದ ಏಳು ಎಣಿಕೆಯ ತಾಳ.

ಆಗ ಲೈನನ್ನು ಮತ್ತೆ ನೋಡಿದೆ. ಮೊದಲ ಮೂರು ಎಣಿಕೆಯಲ್ಲಿ ಸ್ವರ ಬಿ ಯಿಂದ ಮೇಲಿನ ಬಿ ಗೆ ಹಾರಿ, ಎಫ್ ಶಾರ್ಪ್ ಮುಟ್ಟಿ, ಮತ್ತೆ ಮೊದಲಿನ ಬಿ ಗೆ ಬಂದು ಕೂರುತ್ತದೆ. ಉಳಿದ ನಾಲ್ಕರಲ್ಲಿ ಕೆಳಗಿನ ಎಫ್ ಶಾರ್ಪ್, ಎ, ಬಿ, ಡಿ ಎಂದು ಮೆಟ್ಟಿಲು ಹತ್ತುತ್ತದೆ. ಮೂರು, ನಾಲ್ಕು! ಏಳು ಅಂತ ಒಟ್ಟಿಗೆ ಎಣಿಸುವಾಗ ಇದು ಕಾಣುವುದೇ ಇಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮ ಮನೆಯಿಂದ ದೂರವಿಲ್ಲ. ಆಟ ನೋಡುತ್ತಲೇ ಬೆಳೆದ ಕಿವಿ ಇದು, ತ್ರಿವುಡೆ ಅದಕ್ಕೆ ಹೊಸತಲ್ಲ. ಬೆರಳಿಗೆ ಯಾರಾದರೂ ಹೇಳಬೇಕಿತ್ತು, ಅಷ್ಟೇ. ಮರುದಿನ ಇಪ್ಪತ್ತು ಸುತ್ತು ತಪ್ಪದೆ ಬಂತು.

ಇನ್ನೊಂದು ಕಷ್ಟ ಉಳಿದಿತ್ತು. ಸ್ಯಾಕ್ಸೊಫೋನ್ ಸೋಲೊ ಏಳರಲ್ಲೇ ಇದೆ. ಗಿಟಾರ್ ಸೋಲೊ ಬರುವಾಗ ಹಾಡು ನಾಲ್ಕಕ್ಕೆ ಬದಲಾಗುತ್ತದೆ, ಆಮೇಲೆ ಮತ್ತೆ ಏಳಕ್ಕೆ ಮರಳುತ್ತದೆ. ಆ ಎರಡು ತಿರುವುಗಳನ್ನು ಮಾತ್ರ ಬೇರೆಯಾಗಿ ಹತ್ತು ದಿನ ಅಭ್ಯಾಸ ಮಾಡಿದೆ. ಡಿಸೆಂಬರ್ ಮೂರನೇ ಭಾನುವಾರ ಪೂರ್ತಿ ಬಂತು. ಮಾವ ಮದ್ದಳೆ ಶ್ರುತಿ ಮಾಡಿಕೊಂಡು ಬಂದು ಏಳರ ಭಾಗಕ್ಕೆ ಜೊತೆ ಕೊಟ್ಟರು. ಅದನ್ನು ರೆಕಾರ್ಡ್ ಮಾಡಿ ಇಟ್ಟಿದ್ದೇನೆ.

ಅರ್ಧದಲ್ಲಿರುವುದು

ಮ್ಯೂಸ್ ತಂಡದ 'ಹಿಸ್ಟೀರಿಯಾ', 2003. ಬೇಸ್ ಕ್ರಿಸ್ ವೋಲ್ಸ್ಟನ್‌ಹೋಮ್. ಒಂದು ಎಣಿಕೆಗೆ ನಾಲ್ಕು ಸ್ವರ, ಬಿಡುವಿಲ್ಲದೆ. ಹಾಡಿನ ವೇಗ ನಿಮಿಷಕ್ಕೆ 90 ಎಣಿಕೆಗಿಂತ ಸ್ವಲ್ಪ ಮೇಲೆ. ಅಂದರೆ ಸೆಕೆಂಡಿಗೆ ಆರು ಸ್ವರದ ಹತ್ತಿರ. ನಾನು 72ರಲ್ಲಿ ನಿಂತಿದ್ದೇನೆ. ಅದಕ್ಕಿಂತ ಮೇಲೆ ಹೋದರೆ ನಡುಬೆರಳು ಹಿಂದೆ ಬೀಳುತ್ತದೆ. ವಾರಕ್ಕೆ ಎರಡರಂತೆ ಏರಿಸುತ್ತಿದ್ದೇನೆ.

ಈ ವಾರ

ರಶ್ ತಂಡದ 'ವೈವೈಝಡ್', 1981. ಬೇಸ್ ಗೆಡಿ ಲೀ. ಟೊರೊಂಟೊ ವಿಮಾನ ನಿಲ್ದಾಣದ ಗುರುತಿನ ಅಕ್ಷರಗಳು ಇವು. ಆ ಮೂರು ಅಕ್ಷರಗಳ ಮೋರ್ಸ್ ಸಂಕೇತವೇ, ಅಂದರೆ ತಂತಿ ಸಂದೇಶದ ಗೆರೆ-ಚುಕ್ಕಿಗಳೇ, ಹಾಡಿನ ಶುರುವಿನ ತಾಳ. ಉದ್ದ ಗೆರೆಗೆ ಎರಡು, ಚುಕ್ಕಿಗೆ ಒಂದು ಎಂದು ಲೆಕ್ಕ ಹಾಕಬೇಕು.

ನಿನ್ನೆ ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಗೆರೆಗೆ ಇಡೀ ಅಡಿಕೆ, ಚುಕ್ಕಿಗೆ ಅಡಿಕೆ ಹೋಳು ಇಟ್ಟು ಮಾವನಿಗೆ ತೋರಿಸಿದೆ. ವೈ ಎಂದರೆ ಗೆರೆ, ಚುಕ್ಕಿ, ಗೆರೆ, ಗೆರೆ. ಎರಡು, ಒಂದು, ಎರಡು, ಎರಡು. ಒಟ್ಟು ಏಳು. ಝಡ್ ಎಂದರೆ ಎರಡು ಗೆರೆ, ಎರಡು ಚುಕ್ಕಿ. ಒಟ್ಟು ಆರು. ಮಾವ ಬೆರಳಲ್ಲಿ ಅಡಿಕೆಗಳನ್ನು ಒಂದೊಂದಾಗಿ ಸರಿಸಿದರು.

"ತ್ರಿವುಡೆ, ತ್ರಿವುಡೆ, ಮತ್ತೆ ಒಂದು ರೂಪಕ. ನಾಳೆ ಬೇಗ ಬಾ" ಅಂದರು.